ಹವ್ಯಾಸಿ ಎಂಬ ಅಡ್ಡಹೆಸರು

ಕೆಲವು ಪದಗಳು ನಮ್ಮ ಮನಸ್ಸಿನಲ್ಲಿರುವುದನ್ನು ನಮಗಿಂತ ಮೊದಲೇ ಆಡಿಬಿಡುತ್ತವೆ. ನಮ್ಮ ವೃತ್ತಪತ್ರಿಕೆಗಳಲ್ಲಿ ಅಂಥದೊಂದು ಪದ ಬಹುಕಾಲದಿಂದ ಚಲಾವಣೆಯಲ್ಲಿದೆ: ‘ಹವ್ಯಾಸಿ ಪತ್ರಕರ್ತ’. ಯಾವ ಪತ್ರಿಕೆಯ ಸಂಬಳದ ಪಟ್ಟಿಯಲ್ಲೂ ಹೆಸರಿಲ್ಲದೆ, ತಾನೇ ಓಡಾಡಿ, ತಾನೇ ಕಂಡು ಕೇಳಿ, ಬರೆದದ್ದನ್ನು ಈ ಪತ್ರಿಕೆಗೋ ಆ ಪತ್ರಿಕೆಗೋ ಕಳುಹಿಸಿ ಬದುಕಲು ಹೊರಟವನಿಗೆ ನಾವು ಇಟ್ಟಿರುವ ಹೆಸರು ಇದು. ಇಂಗ್ಲಿಷಿನವರು ಅವನನ್ನು ‘ಫ್ರೀಲಾನ್ಸ್’ ಎನ್ನುತ್ತಾರೆ. ಒಬ್ಬನೇ ಒಡೆಯನಿಗೆ ಕಟ್ಟುಬೀಳದೆ ತನ್ನ ಭರ್ಜಿಯನ್ನು ಕೂಲಿಗೆ ಕೊಡುವ ಯೋಧನ ಚಿತ್ರ ಆ ಪದದೊಳಗಿದೆ. ಕೂಲಿಯೂ ಅದರೊಳಗೇ ಇದೆ. ನಮ್ಮ ಪದದಲ್ಲಿ ಭರ್ಜಿಯೂ ಇಲ್ಲ, ಕೂಲಿಯೂ ಇಲ್ಲ; ಹೊತ್ತು ಹೋಗದವನ ಚಟ ಮಾತ್ರ ಇದೆ. ಅಂಚೆಚೀಟಿ ಕೂಡಿಸುವುದು ಹವ್ಯಾಸ, ಗುಲಾಬಿ ಗಿಡ ಬೆಳೆಸುವುದು ಹವ್ಯಾಸ, ಯುದ್ಧ ನಡೆಯುವ ಊರಿಗೆ ಹೋಗಿ ಸತ್ತವರ ಲೆಕ್ಕ ಬರೆದು ತರುವುದೂ ಹವ್ಯಾಸ!

ಸ್ವಂತ ಷಾಪು ತೆರೆದ ವೈದ್ಯನನ್ನು ನಾವು ‘ಹವ್ಯಾಸಿ ವೈದ್ಯ’ ಎನ್ನುವುದಿಲ್ಲ. ಹಾಸನದ ಕೋರ್ಟಿನ ಮುಂದೆ ಕರೀ ಕೋಟು ತೊಟ್ಟು ನಿಂತ ಯಾರನ್ನಾದರೂ ‘ಏನು ಸ್ವಾಮಿ, ತಾವು ಹವ್ಯಾಸಿ ವಕೀಲರೋ?’ ಎಂದು ಕೇಳಿ ನೋಡಿ. ನಿಮ್ಮ ಮೇಲೆಯೇ ಒಂದು ದಾವೆ ಬೀಳುತ್ತದೆ. ಬರೆಯುವವನಿಗೆ ಮಾತ್ರ ಈ ಮರ್ಯಾದೆ. ಕನ್ನಡ ಪಾಠ ಹೇಳುವವನು ನಾನು. ಪದಗಳ ಮೇಲೆ ಜಗಳ ತೆಗೆಯುವುದು ನನ್ನ ಕಸುಬಿನ ಗುಣವೆಂದು ವಾಚಕರು ನಕ್ಕು ಮುಂದಿನ ಪುಟ ತಿರುವಿಯಾರು. ಸ್ವಲ್ಪ ತಾಳಿರಿ. ಈ ಪದದಿಂದ ಒಬ್ಬನ ಅನ್ನ ಹೋಗಿದೆ, ಕನ್ನಡದ ಒಂದು ಕಣ್ಣೂ ಹೋಗಿದೆ.

ಅನ್ನ ಹೋದವನು ನನ್ನ ಹಳೆಯ ವಿದ್ಯಾರ್ಥಿ. ಅರಕಲಗೂಡು ತಾಲ್ಲೂಕಿನಲ್ಲಿ ರಾಮನಾಥಪುರದ ಕಡೆಯ ಹುಡುಗ. ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ, ಹಿತ್ತಲಲ್ಲಿ ಸೊಪ್ಪು ಬೇಯಿಸುವ ಬ್ಯಾರನ್ನು. ಅವನ ಊರಿನವರು ಬೇಲು ಕಟ್ಟಿ ಸೊಪ್ಪನ್ನು ಒಯ್ಯುವುದು ರಾಮನಾಥಪುರದ ಹರಾಜು ಮಾರುಕಟ್ಟೆಗೆ. ಈ ಹುಡುಗ ಲೆಕ್ಕಪತ್ರದ ಕೆಲಸ ಕಲಿತು ಆಫ್ರಿಕದ ಜಿಂಬಾಬ್ವೆಗೆ ಹೋದ; ಹರಾರೆ ನಗರದ ಒಂದು ವ್ಯಾಪಾರದ ಮನೆಯಲ್ಲಿ ಗುಮಾಸ್ತನಾದ. ಆ ದೇಶ ಹೊಗೆಸೊಪ್ಪಿಗೆ ಹೆಸರಾದದ್ದು. ಒಂದು ದಿನ ರಜೆ ಹಾಕಿ ಹರಾರೆಯ ಹರಾಜು ಕಟ್ಟೆಗೆ ಹೋಗಿ ನಿಂತನಂತೆ. ಸಾಲುಸಾಲು ಬೇಲುಗಳು, ಅದೇ ಘಾಟು, ಅದೇ ರೈತನ ಮುಖ! ಆ ರಾತ್ರಿ ಕುಳಿತು ಕನ್ನಡದಲ್ಲಿ ಬರೆದ.

ಅವನು ಬರೆದದ್ದನ್ನು ನಾನು ಓದಿದ್ದೇನೆ. ೨೦೦೦ದಿಂದೀಚೆಗೆ ಬಿಳಿಯರ ದೊಡ್ಡ ಜಮೀನುಗಳು ಒಡೆದು ಸಣ್ಣ ಹಿಡುವಳಿದಾರರ ಕೈಗೆ ಬಂದ ಮೇಲೆ ಅಲ್ಲಿ ಸೊಪ್ಪು ಬೆಳೆಯುವವರು ಬಹುಮಟ್ಟಿಗೆ ನಮ್ಮಂಥ ಸಣ್ಣ ರೈತರೇ ಆಗಿದ್ದಾರೆ. ಹರಾಜಿಗೆ ಬರುವ ಸೊಪ್ಪು ಈಗ ಸ್ವಲ್ಪ. ಬಹುಪಾಲು ಸೊಪ್ಪನ್ನು ಕಂಪನಿಗಳು ಕರಾರಿನ ಮೇಲೆ ಬೆಳೆಸುತ್ತವೆ. ಬೀಜ, ಗೊಬ್ಬರ ಸಾಲಕ್ಕೆ ಕೊಟ್ಟು ಕೊಯ್ಲಿನಲ್ಲಿ ಮುರಿದುಕೊಳ್ಳುತ್ತವೆ. ಬಂದ ದುಡ್ಡಿನಲ್ಲಿ ಒಂದು ಪಾಲು ಡಾಲರು, ಉಳಿದದ್ದು ಆ ದೇಶದ ನಾಣ್ಯ. ಆ ನಾಣ್ಯ ಕೈಯಲ್ಲಿರುವಾಗಲೇ ಕರಗುತ್ತದೆ. ಸೊಪ್ಪು ಬೇಯಿಸಲು ಅಲ್ಲಿಯೂ ಸೌದೆ, ಇಲ್ಲಿಯೂ ಸೌದೆ; ಅಲ್ಲಿಯೂ ಕಾಡು ಸವೆಯುತ್ತಿದೆ, ಇಲ್ಲಿಯೂ ಸವೆದಿದೆ. ಇದನ್ನೆಲ್ಲ ಅವನು ತನ್ನ ತಂದೆಗೆ ಜಗಲಿಯ ಮೇಲೆ ಕುಳಿತು ಹೇಳಿದಂತೆ ಹೇಳಿದ್ದ. ‘ಅಪ್ಪಾ, ಇಲ್ಲಿಯವರೂ ಮೊದಲ ಬೇಲಿಗೆ ಕೈಮುಗಿಯುತ್ತಾರೆ’ ಎಂಬೊಂದು ಮಾತು ಅದರಲ್ಲಿ ಬರುತ್ತದೆ. ಯಾವ ತಂತಿ ಸುದ್ದಿಯೂ ಆ ಮಾತನ್ನು ತರಲಾರದು.

ಒಂದು ಪತ್ರಿಕೆ ಅವನ ಮೂರು ಲೇಖನಗಳನ್ನು ಅಚ್ಚು ಹಾಕಿತು. ಹೆಸರಿನ ಕೆಳಗೆ ‘ಹವ್ಯಾಸಿ ಪತ್ರಕರ್ತರು, ಹರಾರೆ’ ಎಂದು ಬಿರುದೂ ಬಂತು. ನಾಲ್ಕನೆಯದನ್ನು ಕಳುಹಿಸುವಾಗ ಹುಡುಗ ಅಂಜುತ್ತಂಜುತ್ತ ಸಂಭಾವನೆಯ ಮಾತೆತ್ತಿದ. ದೂರದ ಜಿಲ್ಲೆಗೆ ಹೋಗಿ ರೈತರನ್ನು ಮಾತಾಡಿಸಬೇಕು, ಬಸ್ಸಿಗೆ, ತಂಗುವುದಕ್ಕೆ ಖರ್ಚಿದೆ ಎಂದು ಬರೆದ. ಅತ್ತಲಿಂದ ಬಂದ ಉತ್ತರ ಒಂದೇ ಸಾಲು: ‘ಕನ್ನಡದ ಸೇವೆಗೆ ಬೆಲೆ ಕಟ್ಟಲಾದೀತೆ?’ ಎಂಥ ಸುಂದರ ವಾಕ್ಯ! ಬೆಲೆ ಕಟ್ಟಲಾಗದ್ದಕ್ಕೆ ಬೆಲೆ ಕೊಡಬೇಕಾಗಿಲ್ಲ ಎಂಬ ತರ್ಕವನ್ನು ಇಷ್ಟು ಚೊಕ್ಕವಾಗಿ ನಮ್ಮ ಅಲಂಕಾರಶಾಸ್ತ್ರಜ್ಞರೂ ಹೇಳಿಲ್ಲ.

ಹುಡುಗ ಈಗಲೂ ಬರೆಯುತ್ತಾನೆ, ಇಂಗ್ಲಿಷಿನಲ್ಲಿ. ಹೊರದೇಶದ ಒಂದು ಪತ್ರಿಕೆ ಅವನಿಗೆ ಪದ ಎಣಿಸಿ ದುಡ್ಡು ಕೊಡುತ್ತದೆ. ಬಸ್ಸಿನ ಚೀಟಿ ಕಳಿಸಿದರೆ ಅದನ್ನೂ ಕೊಡುತ್ತದೆ. ಹೋದ ಸಲ ಅವನ ತಂದೆ ಹಾಸನದಲ್ಲಿ ಸಿಕ್ಕಿದ್ದರು. ‘ನಮ್ ಹುಡುಗ ಸೊಪ್ಪಿನ್ ಮೇಲೆ ಬರೀತವ್ನಂತೆ ಸಾ, ಇಂಗ್ಲೀಷ್ನಾಗೆ. ನಂಗೆಲ್ಲಿ ಓದಕ್ ಬತ್ತದೆ?’ ಎಂದರು. ಅವರ ದನಿಯಲ್ಲಿ ಹೆಮ್ಮೆಯೂ ಇತ್ತು, ಇನ್ನೊಂದೂ ಇತ್ತು. ಆ ಇನ್ನೊಂದರ ಸಲುವಾಗಿ ಈ ಲೇಖನ.

‘ಒಬ್ಬ ಹುಡುಗನ ಕತೆ ಹಿಡಿದುಕೊಂಡು ಇಷ್ಟು ರಂಪವೇಕೆ?’ ಎಂದು ಕೇಳುವವರಿದ್ದಾರೆ. ಹರಾರೆಯ ಸುದ್ದಿ ಅರಕಲಗೂಡಿಗೇಕೆ ಎಂಬುದು ಅವರ ಭಾವ. ಹಾಸನ ಜಿಲ್ಲೆಗೆ ಭೂಪಟದಲ್ಲಿ ಕಡಲಿಲ್ಲ, ನಿಜ. ಆದರೆ ಇಲ್ಲಿನ ಎಷ್ಟೋ ಒಲೆಗಳು ಉರಿಯುವುದು ಕಡಲಾಚೆಯ ಬೆಲೆಯಿಂದ. ಹರಾರೆಯ ಮಾರಾಟ ಮಾರ್ಚಿಯ ಹೊತ್ತಿಗೆ ಮೊದಲಾಗುತ್ತದೆ. ನಮ್ಮಲ್ಲಿ ಸಸಿ ನೆಡುವುದು ಮುಂಗಾರಿನಲ್ಲಿ, ಹರಾಜು ಕೂಗುವುದು ಮಳೆಗಾಲ ತಗ್ಗಿದ ಮೇಲೆ. ಎಂದರೆ, ಅಲ್ಲಿ ಸೊಪ್ಪು ಎಷ್ಟು ಬಂತು, ಏನು ಬೆಲೆಗೆ ಹೋಯಿತು ಎಂಬುದನ್ನು ನಂಬತಕ್ಕ ಒಬ್ಬ ಮನುಷ್ಯ ಕನ್ನಡದಲ್ಲಿ ಬರೆದರೆ, ಇಲ್ಲಿಯ ರೈತ ಎಷ್ಟು ನೆಡಬೇಕು, ಎಷ್ಟು ಸಾಲ ಮಾಡಬೇಕು ಎಂದು ಯೋಚಿಸಲು ಅವಕಾಶವಿದೆ. ಹೊಗೆಸೊಪ್ಪು ಬೆಳೆಯುವುದು ಒಳ್ಳೆಯದೆ ಎಂಬುದು ಬೇರೆ ಚರ್ಚೆ. ಆ ಚರ್ಚೆಯನ್ನು ಮಾಡುವುದಕ್ಕೂ ಸುದ್ದಿ ಬೇಕು.

ಕಾಫಿಯ ಮಾತು ಇನ್ನೂ ಸ್ಪಷ್ಟ. ೧೯೭೫ರ ಜುಲೈಯಲ್ಲಿ ಬ್ರೆಜಿಲಿನ ಕಾಫಿ ತೋಟಗಳ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಗಿಡಗಳು ಕರಕಲಾದವು. ಲೋಕದಲ್ಲೆಲ್ಲ ಕಾಫಿಯ ಬೆಲೆ ಏರಿತು. ಈ ಶತಮಾನದ ಮೊದಲ ವರ್ಷಗಳಲ್ಲಿ ವಿಯೆಟ್ನಾಮಿನ ಬೆಳೆ ತುಂಬಿ ಹರಿದು ಬೆಲೆ ಪಾತಾಳಕ್ಕಿಳಿಯಿತು. ಸಕಲೇಶಪುರ, ಬೇಲೂರು, ಆಲೂರುಗಳ ಸಣ್ಣ ಬೆಳೆಗಾರರು ಪಟ್ಟ ಪಾಡನ್ನು ನಾವು ಕಣ್ಣಾರೆ ಕಂಡೆವು. ೨೦೨೪ರಲ್ಲಿ ಅದೇ ವಿಯೆಟ್ನಾಮು, ಅದೇ ಬ್ರೆಜಿಲು ಒಣಗಿದವು. ಬೆಲೆ ಯಾರೂ ಕಾಣದ ಎತ್ತರಕ್ಕೆ ಹೋಯಿತು. ಹಿಂದೆ ಬೆಳೆಯನ್ನೆಲ್ಲ ಕಾಫಿ ಬೋರ್ಡಿಗೆ ಒಪ್ಪಿಸಿ ಕೂರುತ್ತಿದ್ದರು. ೧೯೯೦ರ ದಶಕದಲ್ಲಿ ಆ ಏರ್ಪಾಡು ಮುಗಿದು ಬೆಳೆಗಾರ ತಾನೇ ಮಾರುವಂತಾದ ಮೇಲೆ ಪರದೇಶದ ವರ್ತಮಾನ ಅವನಿಗೆ ಮಳೆಯ ಲೆಕ್ಕದಷ್ಟೇ ಮುಖ್ಯವಾಗಿದೆ. ಬೆಲೆಯ ಅಂಕಿಯೇನೋ ಜೇಬಿನ ಫೋನಿಗೆ ಬರುತ್ತದೆ. ಆ ಅಂಕಿಯ ಹಿಂದೆ ಯಾವ ಊರಿನ ಯಾವ ರೈತ ಗಿಡ ಕಿತ್ತು ಬೇರೆ ಬೆಳೆಗೆ ತಿರುಗಿದ, ಏಕೆ ತಿರುಗಿದ ಎಂಬುದು ಬರುವುದಿಲ್ಲ. ಅದನ್ನು ತರಲು ಕಾಲು ಬೇಕು, ಕಿವಿ ಬೇಕು, ಕನ್ನಡದ ಬಾಯಿ ಬೇಕು.

ಇನ್ನು ಕನ್ನಡದ ಕಣ್ಣು ಹೋದ ಮಾತು. ಇದು ಇಂದಿನ ರೋಗವಲ್ಲ. ಹಾಸನದಲ್ಲಿ ೧೯೦೮ರಲ್ಲಿ ಒಂದು ಮಗು ಹುಟ್ಟಿತು, ಹೆಸರು ರಾಜಾರಾವ್. ೧೯೨೯ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಅವರು ಓದಲು ಫ್ರಾನ್ಸಿಗೆ ಹೋದರು. ಅಲ್ಲಿಂದ ೧೯೩೧-೩೨ರಲ್ಲಿ, ಆಲೂರು ವೆಂಕಟರಾಯರು ಸ್ಥಾಪಿಸಿದ್ದ ಧಾರವಾಡದ ‘ಜಯ ಕರ್ನಾಟಕ’ಕ್ಕೆ ಕನ್ನಡದಲ್ಲಿ ನಾಲ್ಕು ಲೇಖನಗಳನ್ನು ಬರೆದು ಕಳುಹಿಸಿದರು. ಆ ಹೊತ್ತನ್ನು ವಾಚಕರು ನೆನೆಯಬೇಕು. ಲೋಕವೆಲ್ಲ ಹಣದ ಮುಗ್ಗಟ್ಟಿನಲ್ಲಿ ನರಳುತ್ತಿತ್ತು. ಪಕ್ಕದ ಜರ್ಮನಿಯಲ್ಲಿ ಹಿಟ್ಲರನು ಅಧಿಕಾರದ ಮೆಟ್ಟಿಲು ಹತ್ತುತ್ತಿದ್ದನು. ಆ ಯೂರೋಪಿನ ನಡುವೆ ನಮ್ಮ ಹಾಸನದ ಒಬ್ಬ ತರುಣ ಕಣ್ಣು ತೆರೆದುಕೊಂಡು, ಕನ್ನಡದ ಲೇಖನಿ ಹಿಡಿದುಕೊಂಡು ಕುಳಿತಿದ್ದ. ನಮಗೆ ಬಂದದ್ದು ನಾಲ್ಕು ಲೇಖನ. ಆಮೇಲೆ ಬಂದದ್ದು ೧೯೩೮ರಲ್ಲಿ ‘ಕಾಂತಾಪುರ’, ಇಂಗ್ಲಿಷಿನಲ್ಲಿ. ಆ ಕಾದಂಬರಿಯಲ್ಲಿ ಹರಿಯುವ ಹೊಳೆ ನಮ್ಮ ಹೇಮಾವತಿ. ಆದರೆ ನೀರು ಕುಡಿದವರು ಬೇರೆಯವರು. ೧೯೬೪ರಲ್ಲಿ ಸಾಹಿತ್ಯ ಅಕಾಡೆಮಿ ಅವರನ್ನು ಇಂಗ್ಲಿಷ್ ಲೇಖಕರೆಂದೇ ಗೌರವಿಸಿತು. ೨೦೦೬ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ತೀರಿಕೊಂಡರು.

ಒಬ್ಬ ಲೇಖಕ ಭಾಷೆ ಬದಲಿಸುವುದಕ್ಕೆ ನೂರು ಒಳಕಾರಣಗಳಿರುತ್ತವೆ. ರಾಜಾರಾಯರು ದುಡ್ಡಿಗಾಗಿ ಕನ್ನಡ ಬಿಟ್ಟರು ಎಂದರೆ ಅದು ಅನ್ಯಾಯ, ಸುಳ್ಳು. ಅವರ ದಾರಿ ಅವರದು. ನಾನು ಕೇಳುವುದು ನಮ್ಮನ್ನು. ಅಂಥ ಒಬ್ಬನನ್ನು ಅಂಥ ಕಾಲದಲ್ಲಿ ಅಂಥ ಜಾಗದಲ್ಲಿ ಪಡೆದ ಭಾಷೆ, ‘ಬರೆಯುತ್ತಲೇ ಇರು, ನಿನ್ನ ಊಟದ ಚಿಂತೆ ನಮಗಿರಲಿ’ ಎಂದು ಹೇಳುವ ಒಂದು ಏರ್ಪಾಡನ್ನು ಅಂದು ಹೊಂದಿತ್ತೆ? ಹೋಗಲಿ, ಅದು ಬಡತನದ ಕಾಲ, ಪತ್ರಿಕೆ ನಡೆಸಿದವರು ಮನೆಮಠ ಮಾರಿ ನಡೆಸಿದರು, ಅವರಿಗೆ ಕೈಮುಗಿಯೋಣ. ಆದರೆ ತೊಂಬತ್ತು ವರ್ಷಗಳ ಮೇಲೆ, ಬಣ್ಣಬಣ್ಣದ ಪುಟಗಳ, ಲಕ್ಷಗಟ್ಟಲೆ ಪ್ರತಿಗಳ ಈ ಕಾಲದಲ್ಲಿ ಆ ಏರ್ಪಾಡು ಇದೆಯೆ? ರಾಮನಾಥಪುರದ ಹುಡುಗನಿಗೆ ಬಂದ ಒಂದು ಸಾಲಿನ ಉತ್ತರವೇ ಇದಕ್ಕೂ ಉತ್ತರ.

ಅದೇ ೧೯೦೮ರಲ್ಲಿ ಹುಟ್ಟಿದ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಅ.ನ.ಕೃಷ್ಣರಾಯರು ಹುಟ್ಟಿದ್ದು ಕೋಲಾರದಲ್ಲಾದರೂ ಅವರ ಹೆಸರಿನ ಮೊದಲಕ್ಷರ ಅರಕಲಗೂಡಿನದು. ಕನ್ನಡದಲ್ಲಿ ಬರೆದೇ ಬದುಕುತ್ತೇನೆಂದು ಹಟ ತೊಟ್ಟು, ನೂರಕ್ಕೆ ಮೀರಿ ಕಾದಂಬರಿಗಳನ್ನು ಬರೆದು, ಹಾಗೆಯೇ ಬದುಕಿ ತೋರಿಸಿದರು. ಅವರನ್ನು ಯಾರಾದರೂ ‘ಹವ್ಯಾಸಿ ಕಾದಂಬರಿಕಾರ’ ಎಂದಿದ್ದರೆ ಅವರು ಕೊಡುತ್ತಿದ್ದ ಉತ್ತರವನ್ನು ಈ ಪುಟದಲ್ಲಿ ಅಚ್ಚು ಹಾಕಲಾಗುತ್ತಿರಲಿಲ್ಲ! ಕಾದಂಬರಿಗೆ ಅವರು ಗಳಿಸಿಕೊಟ್ಟ ಮರ್ಯಾದೆಯನ್ನು ಪತ್ರಿಕೆಯ ಬರವಣಿಗೆಗೆ ಗಳಿಸಿಕೊಡುವ ಅನಕೃ ಇನ್ನೂ ಬಂದಿಲ್ಲ.

ಈಗ ಎದುರು ವಾದಗಳನ್ನು ನೋಡೋಣ. ಮೊದಲನೆಯದು: ಸುದ್ದಿ ಸಂಸ್ಥೆಗಳಿವೆಯಲ್ಲ, ಲೋಕದ ಸುದ್ದಿಯನ್ನೆಲ್ಲ ಅವು ತಂದು ಸುರಿಯುತ್ತವೆಯಲ್ಲ, ನಮಗೆ ಬೇರೆ ಮನುಷ್ಯನೇಕೆ? ಸುದ್ದಿ ಸಂಸ್ಥೆಗಳ ಕೆಲಸ ದೊಡ್ಡದು, ಅದನ್ನು ಹಳಿಯುವುದಿಲ್ಲ. ಆದರೆ ಅವರು ಬರೆಯುವುದು ಎಲ್ಲರಿಗಾಗಿ. ಎಲ್ಲರಿಗಾಗಿ ಬರೆದದ್ದು ನಮಗಾಗಿ ಬರೆದದ್ದಲ್ಲ. ಒಂದು ಉದಾಹರಣೆ ಸಾಕು. ೨೦೨೩ರ ಏಪ್ರಿಲ್ ೧೫ರಂದು ಸೂಡಾನಿನಲ್ಲಿ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಹತ್ತಿತು. ಗಿಡಮೂಲಿಕೆಯ ಔಷಧಿ ಮಾರಲು ಅಲ್ಲಿಗೆ ಹೋಗಿದ್ದ ನಮ್ಮ ನಾಡಿನ ಹಕ್ಕಿಪಿಕ್ಕಿ ಜನ ಗುಂಡಿನ ನಡುವೆ ಸಿಕ್ಕಿಬಿದ್ದರು. ಈ ಜನ ನಮಗೆ ಹೊಸಬರಲ್ಲ. ನಮ್ಮ ಬೇಲೂರು ತಾಲ್ಲೂಕಿನ ಅಂಗಡಿಹಳ್ಳಿಯ ಹಕ್ಕಿಪಿಕ್ಕಿಗಳೂ ಇದೇ ವ್ಯಾಪಾರ ಹಿಡಿದು ದೂರದ ದೇಶಗಳನ್ನು ಕಂಡವರು. ಆ ವಾರ ಕನ್ನಡ ಓದುಗನಿಗೆ ಬಡಿಸಿದ್ದೇನು? ಇಬ್ಬರು ನಾಯಕರು ಟ್ವಿಟರಿನಲ್ಲಿ ಆಡಿದ ಜಗಳ, ಅದರ ಮೇಲೆ ಇನ್ನಿಬ್ಬರ ಹೇಳಿಕೆ. ಚುನಾವಣೆಯ ಕಾಲ ಬೇರೆ! ಅನ್ನ ನೀರಿಲ್ಲದೆ ಬಾಗಿಲು ಹಾಕಿಕೊಂಡು ಕುಳಿತವರ ಪಾಡು ಬಂದದ್ದು, ಅವರೇ ಫೋನಿನಲ್ಲಿ ಅತ್ತು ಕಳುಹಿಸಿದ ಚೂರುಚೂರು ಮಾತಿನಿಂದ. ‘ಆಪರೇಷನ್ ಕಾವೇರಿ’ಯಲ್ಲಿ ಅವರು ಮರಳಿ ಬಂದದ್ದೇ ಸುದ್ದಿಯೂ ಮುಗಿಯಿತು. ಆಫ್ರಿಕದ ಸಂತೆಗಳಲ್ಲಿ ವ್ಯಾಪಾರ ಮಾಡುವ ಕನ್ನಡ ನಾಡಿನ ಒಂದು ಸಮುದಾಯ ಅಲ್ಲಿ ಹೇಗೆ ಬದುಕುತ್ತದೆ, ಯಾವ ಭಾಷೆ ಆಡುತ್ತದೆ, ಯಾರಿಗೆ ಸುಂಕ ಕೊಡುತ್ತದೆ, ಏಕೆ ಮತ್ತೆ ಮತ್ತೆ ಹೋಗುತ್ತದೆ? ಇದನ್ನು ಬರೆಯಲು ಯಾವ ಲಂಡನ್ನಿನ ಸಂಸ್ಥೆ ಬರಬೇಕು?

ಎರಡನೆಯ ವಾದ ನನ್ನ ಸಾಹಿತಿ ಮಿತ್ರರದು: ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೇನು ಬರವೆ? ಬರವಿಲ್ಲ, ಸಮೃದ್ಧಿಯಿದೆ. ಗೋಕಾಕರ ‘ಸಮುದ್ರದಾಚೆಯಿಂದ’, ಕಾರಂತರ ‘ಅಪೂರ್ವ ಪಶ್ಚಿಮ’, ಮೂರ್ತಿರಾಯರ ‘ಅಪರವಯಸ್ಕನ ಅಮೆರಿಕಾ ಯಾತ್ರೆ’, ಬಿ.ಜಿ.ಎಲ್. ಸ್ವಾಮಿಯವರ ‘ಅಮೆರಿಕದಲ್ಲಿ ನಾನು’ ಎಲ್ಲವನ್ನೂ ತರಗತಿಯಲ್ಲಿ ಹೇಳಿ ಸಂತೋಷಪಟ್ಟಿದ್ದೇನೆ. ನಮ್ಮ ಹೇಮಾವತಿ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕಾದಲ್ಲಿ ಗೊರೂರು’ ೧೯೮೦ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಹಾಸನದವರಿಗೆ ಅದು ಮನೆಯ ಹಬ್ಬ. ಆದರೆ ಆ ಶೀರ್ಷಿಕೆಯೇ ನನ್ನ ಮಾತಿಗೆ ಸಾಕ್ಷಿ. ಅಲ್ಲಿ ಮುಖ್ಯ ಗೊರೂರರು. ಅಮೆರಿಕ ಅವರ ನಗೆಗೆ, ಬೆರಗಿಗೆ ಒಂದು ನೆಪ. ಪ್ರವಾಸ ಕಥನ ಹಾಗೆಯೇ ಇರಬೇಕು. ವರದಿಗಾರನ ಬರವಣಿಗೆಯಲ್ಲಿ ಅವನು ಬದಿಗೆ ಸರಿದು ನಿಲ್ಲಬೇಕು. ಪ್ರವಾಸಿ ನೆಂಟನಂತೆ ಹೋಗುತ್ತಾನೆ, ಬಡಿಸಿದ್ದನ್ನು ಉಂಡು ಹೊಗಳುತ್ತಾನೆ. ವರದಿಗಾರ ಅಡುಗೆಮನೆಗೆ ನುಗ್ಗಿ ಡಬ್ಬಗಳ ಮುಚ್ಚಳ ತೆಗೆದು ನೋಡುತ್ತಾನೆ. ‘ದೇಶ ಸುತ್ತು, ಕೋಶ ಓದು’ ಎಂದ ಹಿರಿಯರು ನೆಂಟತನವೊಂದೇ ಸಾಕೆಂದಿರಲಾರರು.

ಮೂರನೆಯದು: ಟೆಲಿವಿಷನ್ನು, ಫೋನು ಇರುವಾಗ ಎಲ್ಲವೂ ಕ್ಷಣದಲ್ಲಿ ತಿಳಿಯುತ್ತದೆ. ತಿಳಿಯುತ್ತದೆಯೆ? ಹೊಳೆನರಸೀಪುರದವರನ್ನು ಕೇಳಿ. ೧೯೯೬ರಲ್ಲಿ ಆ ತಾಲ್ಲೂಕಿನ ಹರದನಹಳ್ಳಿಯ ರೈತನ ಮಗ ದೇಶದ ಪ್ರಧಾನಿಯಾದಾಗ ಲೋಕವೆಲ್ಲ ಆ ಹೆಸರು ಓದಿತು. ೨೦೨೪ರ ಏಪ್ರಿಲ್ ಕೊನೆಯಲ್ಲಿ ಅದೇ ಜಿಲ್ಲೆಯ ಲೋಕಸಭಾ ಸದಸ್ಯರು ಗಂಭೀರ ಆರೋಪಗಳ ನಡುವೆ ಜರ್ಮನಿಗೆ ಹೋದರು. ಮರಳಿ ಬಂದು ಬೆಂಗಳೂರಿನಲ್ಲಿ ಬಂಧಿತರಾದದ್ದು ಮೇ ೩೧ರಂದು. ಮುಂದೆ ನ್ಯಾಯಾಲಯ ತನ್ನ ಕೆಲಸ ಮಾಡಿತು, ನನ್ನ ಮಾತು ಅದಲ್ಲ. ನಡುವಿನ ಆ ಒಂದು ತಿಂಗಳು ಹೊಳೆನರಸೀಪುರದ ಹೋಟೆಲುಗಳಲ್ಲಿ, ಚನ್ನರಾಯಪಟ್ಟಣದ ಬಸ್‌ ನಿಲ್ದಾಣದಲ್ಲಿ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ‘ಎಲ್ಲಿದ್ದಾರೆ?’ ಟೆಲಿವಿಷನ್ನು ದಿನಕ್ಕೊಂದು ವಿಮಾನ ಇಳಿಸಿತು. ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’, ‘ಇಂದೇ ಬರುವ ಸಾಧ್ಯತೆ’! ಜರ್ಮನಿಯಲ್ಲಿ ಸಾವಿರಾರು ಕನ್ನಡಿಗರಿದ್ದಾರೆ. ಅವರಲ್ಲಿ ಬರೆಯಬಲ್ಲವರೂ ಇದ್ದಾರೆ. ‘ನೀನು ಹೋಗಿ ವಿಚಾರಿಸು, ಖರ್ಚು ನಮ್ಮದು, ಕಂಡಷ್ಟನ್ನೇ ಬರೆ’ ಎಂದು ಹೇಳಿ ಕಳುಹಿಸಿದ ಒಂದು ವರದಿಯನ್ನೂ ನಾನು ಓದಿದ ಪತ್ರಿಕೆಗಳಲ್ಲಿ ಕಾಣಲಿಲ್ಲ. ತನ್ನ ಜಿಲ್ಲೆಯ ಅತಿದೊಡ್ಡ ಸುದ್ದಿ ಪರದೇಶದಲ್ಲಿ ಕುಳಿತಿದ್ದಾಗಲೂ ನಮ್ಮ ಓದುಗ ಗಾಳಿಮಾತು ತಿಂದು ದಿನ ಕಳೆದ.

ನಾಲ್ಕನೆಯದೇ ನಿಜವಾದ ವಾದ, ಉಳಿದವು ಅದರ ವೇಷಗಳು: ದುಡ್ಡಿಲ್ಲ. ಪತ್ರಿಕೆ ನಡೆಸುವವರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಓದುಗ ಕೊಡುವ ಕಾಸು ಕಾಗದದ ಬೆಲೆಗೂ ಸಾಲದು. ಜಾಹೀರಾತು ಫೋನಿನೊಳಕ್ಕೆ ಹರಿದುಹೋಗುತ್ತಿದೆ. ಒಪ್ಪಿದೆ. ಆದರೆ ಜಿಲ್ಲೆಗೊಂದು ಬಣ್ಣದ ಪುರವಣಿಗೆ ದುಡ್ಡಿದೆ, ತಾರೆಯರ ಮದುವೆಗೆ ಎರಡು ಪುಟವಿದೆ. ನಮ್ಮದು ‘ನೆಂಟರ ಮೇಲೆ ಪ್ರೀತಿ, ಅಕ್ಕಿಯ ಮೇಲೆ ಆಸೆ’ ಎಂಬಂಥ ಕನ್ನಡಪ್ರೇಮ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ೧೮೪೩ರಲ್ಲಿ ಹೊರಡಿಸಿದವನು ಜರ್ಮನಿಯ ಹರ್ಮನ್ ಮೊಗ್ಲಿಂಗ್. ಹೊರದೇಶದವನೊಬ್ಬ ಕಡಲು ದಾಟಿ ಬಂದು, ಕನ್ನಡ ಕಲಿತು, ಕಲ್ಲಚ್ಚಿನಲ್ಲಿ ನಮಗೆ ವರ್ತಮಾನ ಕೊಟ್ಟ. ನೂರ ಎಂಬತ್ತು ವರ್ಷಗಳು ಕಳೆದ ಮೇಲೂ, ಕಡಲು ದಾಟಿ ಆಗಲೇ ಅಲ್ಲಿರುವ ಕನ್ನಡಿಗನಿಗೆ ಬಸ್ಸಿನ ಖರ್ಚು ಕೊಟ್ಟು ವರ್ತಮಾನ ತರಿಸಲು ನಾವು ಲೆಕ್ಕ ಹಾಕುತ್ತ ಕುಳಿತಿದ್ದೇವೆ!

ಓದುಗ ಕಾ‌ಸು ಬಿಚ್ಚುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ ೨೦೨೫ರಲ್ಲಿ ನಮ್ಮನ್ನಗಲಿದ ಭೈರಪ್ಪನವರ ಪುಸ್ತಕಗಳ ಕಡೆ ನೋಡಿ. ಅವರ ವಿಚಾರವನ್ನು ಒಪ್ಪುವವರೂ ಒಪ್ಪದವರೂ ಕಾಸು ಕೊಟ್ಟೇ ಓದಿದರು. ೨೦೦೭ರಲ್ಲಿ ‘ಆವರಣ’ ಬಂದ ವರ್ಷವೇ ಮತ್ತೆ ಮತ್ತೆ ಅಚ್ಚಾಯಿತು. ತನಗೆ ಬೇಕಾದದ್ದು, ಬೇರೆಲ್ಲೂ ಸಿಗದ್ದು ಸಿಕ್ಕಿದರೆ ಕನ್ನಡ ಓದುಗ ಜೇಬಿಗೆ ಕೈಹಾಕುತ್ತಾನೆ. ಸಿಕ್ಕದಿದ್ದರೆ ಏಕೆ ಹಾಕಬೇಕು? ಕಾಸಿಗೆ ತಕ್ಕ ಕಜ್ಜಾಯ.

ಸ್ವತಂತ್ರವಾಗಿ ಕೆಲಸಮಾಡುವವನು ಕಸುಬುದಾರನಲ್ಲ ಎನ್ನುವವರಿಗೆ ಮೈಸೂರಿನ ಟಿ.ಎಸ್. ಸತ್ಯನ್ ಅವರನ್ನು ತೋರಿಸುತ್ತೇನೆ. ಪತ್ರಿಕೆಗಳ ನೌಕರಿ ಬಿಟ್ಟು, ಕ್ಯಾಮರಾ ಒಂದನ್ನೇ ನಂಬಿ ಬದುಕಿದವರು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮೊದಲಾದವು ಅವರನ್ನು ಕೆಲಸಕ್ಕೆ ಕರೆದವು. ೧೯೭೯ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶಿತವಾದವು. ಕರೆದವರು ಕೂಲಿ ಕೊಟ್ಟರು. ಅದರಿಂದ ಸತ್ಯನ್ ಅವರ ಕಲೆಗೇನೂ ಕಳಂಕ ತಗುಲಲಿಲ್ಲ.

ಪುಕ್ಕಟೆ ಬರೆಸಿಕೊಳ್ಳುವುದರಲ್ಲಿ ಇನ್ನೊಂದು ಪಾಪವೂ ಇದೆ, ಅದು ಜೀವದ ಮಾತು. ಜೇಮ್ಸ್ ಫೋಲಿ ಎಂಬ ಅಮೆರಿಕದ ಸ್ವತಂತ್ರ ವರದಿಗಾರನನ್ನು ೨೦೧೨ರ ನವೆಂಬರಿನಲ್ಲಿ ಸಿರಿಯಾದಲ್ಲಿ ಹಿಡಿದೊಯ್ದರು. ೨೦೧೪ರ ಆಗಸ್ಟಿನಲ್ಲಿ ಕೊಂದರು. ಮರುತಿಂಗಳೇ ಫ್ರಾನ್ಸಿನ ಸುದ್ದಿ ಸಂಸ್ಥೆ ಎ.ಎಫ್.ಪಿ. ಒಂದು ನಿಯಮವನ್ನು ಸಾರಿತು: ನಮ್ಮ ಸಂಬಳದ ವರದಿಗಾರನನ್ನು ಕಳುಹಿಸಲು ನಾವೇ ಅಂಜುವ ಜಾಗದಿಂದ ಸ್ವತಂತ್ರ ವರದಿಗಾರ ತಂದದ್ದನ್ನು ಕೊಳ್ಳುವುದಿಲ್ಲ. ೨೦೧೫ರಲ್ಲಿ ದೊಡ್ಡ ಸುದ್ದಿ ಸಂಸ್ಥೆಗಳು ಅನೇಕ ಸೇರಿ, ಸ್ವತಂತ್ರ ವರದಿಗಾರನ ಜೀವಕ್ಕೂ ತಮ್ಮ ನೌಕರನ ಜೀವಕ್ಕೂ ಒಂದೇ ಬೆಲೆ ಎಂಬ ನೀತಿಯನ್ನು ಒಪ್ಪಿಕೊಂಡವು. ‘ಹವ್ಯಾಸಿ’ಗೆ ವಿಮೆಯುಂಟೆ? ಅವನು ಕಾಣೆಯಾದರೆ ಹುಡುಕುವವರುಂಟೆ? ಅಂಚೆಚೀಟಿ ಕೂಡಿಸುವವನನ್ನು ಯಾರು ಹುಡುಕುತ್ತಾರೆ!

ಬರಿಯ ಪತ್ರಿಕೆಗಳ ಮೇಲೆ ತಪ್ಪು ಹೊರಿಸಿ ಕೈತೊಳೆದುಕೊಂಡರೆ ನಾನು ಅಪ್ರಾಮಾಣಿಕನಾದೇನು. ಈ ಸ್ಥಿತಿಗೆ ನನ್ನಂಥವರೂ ಕಾರಣ. ತಿಂಗಳಿಗೆ ತಪ್ಪದೆ ಸಂಬಳ ಬರುವ ಅಧ್ಯಾಪಕರು ನಾವು. ಹೆಸರು ಅಚ್ಚಿನಲ್ಲಿ ಬರಲೆಂದು, ನಾಲ್ಕು ಜನ ‘ನಿಮ್ಮ ಲೇಖನ ಓದಿದೆ’ ಎನ್ನಲೆಂದು ವರ್ಷಗಟ್ಟಲೆ ಪುಕ್ಕಟೆ ಬರೆದೆವು. ಸಂಭಾವನೆ ಬರದಿದ್ದರೆ ಕೇಳುವುದು ಸಣ್ಣತನವೆಂದು ಸುಮ್ಮನಿದ್ದೆವು. ಆ ಸುಮ್ಮನಿರುವುದನ್ನೇ ಸಂಸ್ಕೃತಿ ಎಂದೆವು. ನಾವು ಪುಕ್ಕಟೆ ಬರೆದದ್ದರಿಂದ ಬರವಣಿಗೆಯ ಪೇಟೆಯಲ್ಲಿ ಬೆಲೆ ಬಿತ್ತು. ಬರೆದೇ ಉಣ್ಣಬೇಕಾದವನ ಅನ್ನಕ್ಕೆ ಕಲ್ಲು ಬಿತ್ತು. ನಿಜವಾದ ಹವ್ಯಾಸಿಗಳು ನಾವು. ಆ ಬಿರುದನ್ನು ನಮಗೆ ಕೊಟ್ಟುಬಿಡಿ, ಅವನಿಗೆ ಬೇಡ.

ಹಾಗಾದರೆ ಏನಾಗಬೇಕು? ನಾನು ಕೇಳುವುದು ಬಹಳವಲ್ಲ. ಯೂರೋಪಿನ ರಾಜಧಾನಿಗಳಲ್ಲೆಲ್ಲ ಕಚೇರಿ ತೆರೆಯಿರಿ ಎನ್ನುವುದಿಲ್ಲ. ವಾರಕ್ಕೊಂದು ಪುಟ, ಹೊರದೇಶದಲ್ಲಿರುವ ಕನ್ನಡಿಗರು ತಾವು ಕಂಡು ವಿಚಾರಿಸಿ ಬರೆದದ್ದಕ್ಕೆ ಮೀಸಲಾಗಲಿ. ಒಂದು ಪತ್ರಿಕೆಗೆ ಭಾರವಾದರೆ ಎರಡು ಮೂರು ಪತ್ರಿಕೆಗಳು ಕೂಡಿ ಒಬ್ಬನ ಖರ್ಚನ್ನು ಹಂಚಿಕೊಳ್ಳಲಿ; ಸಂತೆಗೆ ಹೋಗುವ ರೈತರು ಒಂದೇ ಲಾರಿಯ ಬಾಡಿಗೆ ಹಂಚಿಕೊಳ್ಳುವುದಿಲ್ಲವೆ? ಬರೆಯುವ ಮುನ್ನ ಸಂಭಾವನೆ ಇಷ್ಟೆಂದು ಹೇಳಲಿ, ಬಂದ ತಿಂಗಳಲ್ಲೇ ಕಳುಹಿಸಲಿ. ಅಪಾಯದ ಜಾಗವಾದರೆ ವಿಮೆ ಮಾಡಿಸಲಿ, ಮಾಡಿಸಲಾಗದಿದ್ದರೆ ಬರೆಸಿಕೊಳ್ಳದಿರಲಿ. ಸರ್ಕಾರದ, ಕಂಪನಿಗಳ ಅತಿಥಿಯಾಗಿ ಹೋಗಿ ಬಂದು ಬರೆದದ್ದರ ಮೇಲೆ ‘ಇಂಥವರ ಖರ್ಚಿನಲ್ಲಿ’ ಎಂದು ಅಚ್ಚುಹಾಕುವ ಧೈರ್ಯ ಮಾಡಲಿ. ಓದುಗರಾದ ನಾವೂ ಅದಕ್ಕಾಗಿ ಒಂದು ರೂಪಾಯಿ ಹೆಚ್ಚು ಕೊಡಲು ಗೊಣಗದಿರೋಣ. ಹಾಸನದಲ್ಲಿ ಈಗ ಒಂದು ಲೋಟ ಕಾಫಿಗೆ ಎಷ್ಟು ಕೊಡುತ್ತಿದ್ದೇವೆ, ಆ ಬೆಲೆ ಎಲ್ಲಿಂದ ಬಂತು ಎಂಬುದನ್ನು ಯೋಚಿಸಿದರೆ ಸಾಕು. ಕಡೆಯದಾಗಿ, ಆ ‘ಹವ್ಯಾಸಿ’ ಎಂಬ ಪದವನ್ನು ಕಿತ್ತುಹಾಕಿ ‘ಸ್ವತಂತ್ರ ವರದಿಗಾರ’ ಎನ್ನಲಿ. ಸ್ವತಂತ್ರನಿಗೂ ಹೊಟ್ಟೆಯಿದೆ ಎಂಬುದು ಆಗಲಾದರೂ ನೆನಪಿಗೆ ಬಂದೀತು.

ಈ ಲೇಖನವನ್ನು ಕಳುಹಿಸುವಾಗ ಜೀವನದಲ್ಲಿ ಮೊದಲ ಬಾರಿಗೆ ಸಂಪಾದಕ ಮಹಾಶಯರಿಗೆ ಕಾಗದದ ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದೇನೆ: ‘ಇದಕ್ಕೆ ಸಂಭಾವನೆ ಎಷ್ಟು, ದಯವಿಟ್ಟು ತಿಳಿಸಿರಿ.’ ಬರೆಯುವಾಗ ಕೈ ನಡುಗಿತು, ಏನೋ ಅಪಚಾರ ಮಾಡಿದಂತೆ. ಆ ನಡುಕವೇ ನಮ್ಮ ರೋಗ. ಹಣ ಬಂದರೆ ಅದನ್ನು ಹರಾರೆಗೆ ಕಳುಹಿಸುತ್ತೇನೆ, ಬಸ್ಸಿನ ಖರ್ಚಿಗೆ. ಜೊತೆಗೆ ಒಂದು ಕಟ್ಟಳೆ: ಆ ನಾಲ್ಕನೆಯ ಲೇಖನ ಕನ್ನಡದಲ್ಲಿ ಬರಬೇಕು. ಬಂದ ದಿನ ನಾನೇ ರಾಮನಾಥಪುರದ ಬಸ್ಸು ಹತ್ತಿ, ಆ ಜಗಲಿಯ ಮೇಲೆ ಕುಳಿತು, ಅವರ ಅಪ್ಪನ ಕೈಗೆ ಪತ್ರಿಕೆ ಕೊಡುತ್ತೇನೆ. ಓದಿ ಹೇಳಬೇಕಾದ್ದಿಲ್ಲ, ಅವರಿಗೆ ಕನ್ನಡ ಓದಲು ಬರುತ್ತದೆ.